ಕಲ್ಲಿನ ಧೂಳು, ಶಿಲ್ಪಿಯ ಉಸಿರು ಮತ್ತು ಒಡೆಯನ ಹೊಣೆ

ಶ್ರಾವಕನ ಆಚಾರದಲ್ಲಿ ಅಹಿಂಸಾಣುವ್ರತಕ್ಕೆ ಮೊದಲ ಸ್ಥಾನ. ಗೃಹಸ್ಥನಿಂದ ನಡೆಯಬಹುದಾದ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ರೂಢಿ. ಸಂಕಲ್ಪಪೂರ್ವಕವಾದ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ತ್ಯಜಿಸಬೇಕು. ಜೀವನೋಪಾಯಕ್ಕಾಗಿ ನಡೆಸುವ ಉದ್ಯೋಗದಲ್ಲಿ ತಪ್ಪಿಸಲಾಗದೆ ಉಳಿಯುವ ಹಿಂಸೆಯನ್ನು ಯತ್ನಾಚಾರದಿಂದ, ಅಂದರೆ ಎಚ್ಚರದ ನಡೆಯಿಂದ, ಸಾಧ್ಯವಾದಷ್ಟು ಕುಗ್ಗಿಸಬೇಕು. ಇದು ಶಾಸ್ತ್ರದ ನಿಲುವು. ಆದರೆ ಈ ಎರಡನೆಯ ಮಾತಿನ ಅರ್ಧವನ್ನು ನೆನೆದು ಅರ್ಧವನ್ನು ಮರೆಯುವುದು ಲೋಕದ ವಾಡಿಕೆಯಾಗಿದೆ. ಉದ್ಯೋಗದಲ್ಲಿ ಹಿಂಸೆ ಅನಿವಾರ್ಯವೆಂಬುದನ್ನು ಎಲ್ಲರೂ ಬಲ್ಲರು. ಅದನ್ನು ಕುಗ್ಗಿಸುವ ಹೊಣೆ ಯಾರದು, ಹೇಗೆ ಎಂಬ ವಿಚಾರಕ್ಕೆ ಬಂದಾಗ ಮೌನವೇ ಹೆಚ್ಚು.

ಈ ಪ್ರಶ್ನೆಯನ್ನು ಪರಿಶೀಲಿಸಲು ಕಲ್ಲುಕೆಲಸಕ್ಕಿಂತ ತಕ್ಕ ಉದಾಹರಣೆ ಸಿಗದು. ಜೈನಸಮಾಜಕ್ಕೂ ಕಲ್ಲಿಗೂ ಸಾವಿರಾರು ವರ್ಷಗಳ ನಂಟು. ಶ್ರವಣಬೆಳಗೊಳದ ವಿಂಧ್ಯಗಿರಿ, ಕಾರ್ಕಳ, ವೇಣೂರುಗಳ ಬಾಹುಬಲಿ ಮೂರ್ತಿಗಳು, ಆಬು ಪರ್ವತದ ದೇಲವಾಡಾ ಬಸದಿಗಳು, ರಾಣಕಪುರದ ಚೌಮುಖ ಮಂದಿರ ಇವೆಲ್ಲ ಸಮಾಜದ ಭಕ್ತಿಗೆ ಸಾಕ್ಷಿಯಾಗಿರುವಂತೆ ಕಲ್ಲುಕುಟಿಗರ ಶ್ರಮಕ್ಕೂ ಸಾಕ್ಷಿಯಾಗಿವೆ. ಇಂದಿಗೂ ಜೀರ್ಣೋದ್ಧಾರ, ಮಾನಸ್ತಂಭ, ನೂತನ ಜಿನಾಲಯಗಳ ಕೆಲಸ ನಡೆಯುತ್ತಲೇ ಇದೆ. ಹೀಗಾಗಿ ದೇವಾಲಯದ ಟ್ರಸ್ಟು ಧರ್ಮಸಂಸ್ಥೆಯಾಗಿರುವಂತೆಯೇ ಕೆಲಸ ಕೊಡುವ ಒಡೆಯನೂ ಆಗಿದೆ.

ಧೂಳಿನ ರೋಗ

ಗ್ರಾನೈಟ್, ಮರಳುಗಲ್ಲು, ಬೆಣಚುಕಲ್ಲುಗಳಲ್ಲಿ ಸಿಲಿಕಾ ಎಂಬ ಖನಿಜವಿದೆ. ಕಲ್ಲನ್ನು ಕೊರೆಯುವಾಗ, ಕೊಯ್ಯುವಾಗ, ಉಜ್ಜುವಾಗ ಅದು ಧೂಳಾಗಿ ಗಾಳಿಗೆ ಸೇರುತ್ತದೆ. ದಪ್ಪ ಕಣಗಳು ಮೂಗು, ಗಂಟಲುಗಳಲ್ಲೇ ತಡೆಯಲ್ಪಡುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಮಾತ್ರ ಶ್ವಾಸಕೋಶದ ಒಳಗೂಡಿಗೆ ಇಳಿದು ಅಲ್ಲೇ ನೆಲೆಸುತ್ತವೆ. ಅವುಗಳ ಸುತ್ತ ಶ್ವಾಸಕೋಶವು ಗಂಟುಗಂಟಾಗಿ ಗಡುಸಾಗುತ್ತದೆ. ಕೆಲಸಗಾರನಿಗೆ ಮೊದಲು ಒಣಕೆಮ್ಮು, ಬಳಿಕ ಏದುಸಿರು, ಕೊನೆಗೆ ನಾಲ್ಕು ಹೆಜ್ಜೆ ನಡೆಯಲಾಗದ ಸ್ಥಿತಿ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಈ ರೋಗವಿದ್ದವನಿಗೆ ಕ್ಷಯವೂ ಸುಲಭವಾಗಿ ತಗಲುತ್ತದೆ. ಗಡುಸಾದ ಶ್ವಾಸಕೋಶವನ್ನು ಮತ್ತೆ ಮೊದಲಿನಂತೆ ಮಾಡುವ ಔಷಧ ಈವರೆಗೆ ಇಲ್ಲ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯಬಲ್ಲದು. ಆದರೆ ರೋಗ ಬಾರದಂತೆ ತಡೆಯುವುದು ಸಂಪೂರ್ಣವಾಗಿ ಸಾಧ್ಯ. ಗುಣಪಡಿಸಲಾಗದ, ಆದರೆ ತಡೆಯಬಹುದಾದ ಕಾಯಿಲೆಯಾದುದರಿಂದಲೇ ಇಲ್ಲಿ ಹೊಣೆಯ ಪ್ರಶ್ನೆ ಇಷ್ಟು ತೀಕ್ಷ್ಣವಾಗಿ ಏಳುತ್ತದೆ.

ಧೂಳಿನ ಕೇಡು ಮನುಷ್ಯನಿಗೆ ಹೊಸದಾಗಿ ತಿಳಿದುದಲ್ಲ. ಕ್ರಿಸ್ತಶಕದ ಮೊದಲ ಶತಮಾನದಲ್ಲೇ ರೋಮಿನ ಪ್ಲಿನಿಯು ಸಿಂಧೂರದ ಪುಡಿಯನ್ನು ತಯಾರಿಸುವವರು ಪ್ರಾಣಿಗಳ ಮೂತ್ರಕೋಶದ ತೆಳು ಚರ್ಮವನ್ನು ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದರೆಂದು ಬರೆದನು. ಜರ್ಮನಿಯ ಅಗ್ರಿಕೋಲನ ಗಣಿಶಾಸ್ತ್ರಗ್ರಂಥವು 1556ರಲ್ಲಿ ಪ್ರಕಟವಾಯಿತು. ಒಣಗಣಿಗಳ ಧೂಳು ಶ್ವಾಸಕೋಶವನ್ನು ತಿನ್ನುತ್ತದೆಂದೂ, ಕಾರ್ಪೇಥಿಯನ್ ಬೆಟ್ಟಗಳ ಗಣಿಯೂರುಗಳಲ್ಲಿ ಒಬ್ಬರ ಬಳಿಕ ಒಬ್ಬರಂತೆ ಏಳು ಗಂಡಂದಿರನ್ನು ಕಳೆದುಕೊಂಡ ಹೆಂಗಸರಿದ್ದಾರೆಂದೂ ಆತ ಅದರಲ್ಲಿ ದಾಖಲಿಸಿದ್ದಾನೆ. ಗಣಿಗನು ಮುಖಕ್ಕೆ ಮುಸುಕು, ಕೈಗೆ ಮೊಳಕೈವರೆಗಿನ ಚರ್ಮದ ಗವಸು ಧರಿಸಬೇಕೆಂದು ಸೂಚಿಸಿದ್ದಾನೆ. 1700ರಲ್ಲಿ ಇಟಲಿಯ ವೈದ್ಯ ರಾಮಜ್ಜೀನಿ ವೃತ್ತಿರೋಗಗಳ ಬಗ್ಗೆ ಮೊದಲ ಸಮಗ್ರ ಗ್ರಂಥವನ್ನು ಬರೆದಾಗ ಕಲ್ಲುಕುಟಿಗರಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ರೋಗಿಯನ್ನು ಕಂಡೊಡನೆ ‘ನಿನ್ನ ಕಸುಬು ಯಾವುದು?’ ಎಂದು ಕೇಳಬೇಕೆಂಬ ಪದ್ಧತಿಯನ್ನು ವೈದ್ಯಲೋಕಕ್ಕೆ ಕಲಿಸಿದವನು ಈತನೇ.

ಯಂತ್ರ ಬಂದ ಮೇಲೆ

ಉಳಿ, ಸುತ್ತಿಗೆಗಳ ಕಾಲದಲ್ಲೂ ಧೂಳಿತ್ತು. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಒತ್ತುಗಾಳಿಯ ಬೈರಿಗೆಗಳೂ ಯಂತ್ರದ ಉಳಿಗಳೂ ಬಳಕೆಗೆ ಬಂದ ಮೇಲೆ ಧೂಳಿನ ಪ್ರಮಾಣ ಹೆಚ್ಚಿತು, ಕಣ ಇನ್ನಷ್ಟು ನುಣುಪಾಯಿತು. ಕೆಲಸ ವೇಗವಾಯಿತು, ಕೆಲಸಗಾರನ ಆಯುಸ್ಸೂ ಅದೇ ವೇಗದಲ್ಲಿ ಕರಗತೊಡಗಿತು.

ಅಮೆರಿಕದ ವರ್ಮಾಂಟ್ ರಾಜ್ಯದ ಬ್ಯಾರೆ ಪಟ್ಟಣದ ವೃತ್ತಾಂತ ಇಲ್ಲಿ ಗಮನಾರ್ಹ. ಅಲ್ಲಿನ ಗ್ರಾನೈಟ್ ಪ್ರಸಿದ್ಧವಾದುದು. ಗೋರಿಗಲ್ಲು, ಸ್ಮಾರಕಗಳ ಕೆತ್ತನೆ ಅಲ್ಲಿನ ಮುಖ್ಯ ಕಸುಬು. ಇಟಲಿಯ ಕರಾರಾದಂಥ ಊರುಗಳಿಂದ ನುರಿತ ಶಿಲ್ಪಿಗಳು ಅಲ್ಲಿಗೆ ವಲಸೆ ಹೋದರು. ಮುಚ್ಚಿದ ಕೊಟ್ಟಿಗೆಗಳಲ್ಲಿ ಯಂತ್ರದ ಉಳಿ ಹಿಡಿದು ದುಡಿದ ಅವರಲ್ಲಿ ಅನೇಕರು ನಡುವಯಸ್ಸಿನಲ್ಲೇ ಕ್ಷಯದಿಂದ ತೀರಿಕೊಂಡರು. ಅನ್ಯರ ಗೋರಿಗಲ್ಲು ಕೆತ್ತುತ್ತಿದ್ದವರ ಹೆಸರುಗಳನ್ನು ಅವರ ಸಂಗಡಿಗರು ಕೆತ್ತಬೇಕಾಯಿತು. 1920ರ ದಶಕದಲ್ಲಿ ಅಲ್ಲಿನ ಸರ್ಕಾರದ ಸಾರ್ವಜನಿಕ ಆರೋಗ್ಯ ಇಲಾಖೆಯು ಧೂಳನ್ನು ಅಳೆದು, ಕೆಲಸಗಾರರನ್ನು ಪರೀಕ್ಷಿಸಿ, 1929ರಲ್ಲಿ ವರದಿ ಪ್ರಕಟಿಸಿತು. ಹೆಚ್ಚು ಧೂಳಿನಲ್ಲಿ ಸಾಕಷ್ಟು ವರ್ಷ ದುಡಿದವರಲ್ಲಿ ರೋಗವಿಲ್ಲದವರು ವಿರಳವೆಂಬುದು ಅದರಿಂದ ಸ್ಪಷ್ಟವಾಯಿತು. 1930ರ ದಶಕದ ಕೊನೆಯ ವರ್ಷಗಳಲ್ಲಿ ಕೊಟ್ಟಿಗೆಗಳಿಗೆ ಧೂಳು ಹೀರುವ ಕೊಳವೆಗಳನ್ನು ಅಳವಡಿಸಲಾಯಿತು. ಉಳಿಯ ತುದಿಯಲ್ಲಿ ಎದ್ದ ಧೂಳು ಉಸಿರಿಗೆ ತಲುಪುವ ಮೊದಲೇ ಹೊರಹೋಗುವಂತಾಯಿತು. ಆ ಬಳಿಕ ಕೆಲಸಕ್ಕೆ ಸೇರಿದವರಲ್ಲಿ ಸಿಲಿಕೋಸಿಸ್ ಅಪರೂಪವಾಯಿತು. ಅದೇ ಊರು, ಅದೇ ಕಲ್ಲು, ಅದೇ ಕಸುಬು. ಬದಲಾದದ್ದು ಒಡೆಯರು ಮಾಡಿದ ಏರ್ಪಾಡು ಒಂದೇ.

ಇದಕ್ಕೆ ತದ್ವಿರುದ್ಧವಾದ ಘಟನೆ ಅದೇ ದೇಶದ ವೆಸ್ಟ್ ವರ್ಜೀನಿಯಾದಲ್ಲಿ ನಡೆಯಿತು. 1930ರಲ್ಲಿ ಹಾಕ್ಸ್ ನೆಸ್ಟ್ ಎಂಬಲ್ಲಿ ನದಿಯ ನೀರನ್ನು ವಿದ್ಯುತ್ತಿಗಾಗಿ ತಿರುಗಿಸಲು ಬೆಟ್ಟದೊಳಗೆ ಸುಮಾರು ಮೂರು ಮೈಲಿ ಉದ್ದದ ಸುರಂಗ ಕೊರೆಯುವ ಕೆಲಸ ಆರಂಭವಾಯಿತು. ಯೋಜನೆ ಯೂನಿಯನ್ ಕಾರ್ಬೈಡ್ ಸಂಸ್ಥೆಯ ಅಂಗಸಂಸ್ಥೆಯದು, ಕೆಲಸ ಗುತ್ತಿಗೆದಾರರದು. ಬೆಟ್ಟದ ಕಲ್ಲು ಬಹುಪಾಲು ಸಿಲಿಕಾ. ನೀರು ಹಾಯಿಸಿ ಕೊರೆದರೆ ಧೂಳು ಅಡಗುತ್ತದೆಂಬುದು ಆಗಲೇ ತಿಳಿದಿತ್ತು. ಅದೇ 1930ರಲ್ಲಿ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನಲ್ಲಿ ಸಿಲಿಕೋಸಿಸ್ ಕುರಿತು ಅಂತರರಾಷ್ಟ್ರೀಯ ಸಮ್ಮೇಳನವೂ ನಡೆದಿತ್ತು. ಆದರೂ ಒಣಗಲ್ಲನ್ನೇ ಕೊರೆಸಲಾಯಿತು. ಸುರಂಗದೊಳಗೆ ದುಡಿದವರಲ್ಲಿ ಬಹುಮಂದಿ ದಕ್ಷಿಣದ ರಾಜ್ಯಗಳಿಂದ ಕೂಲಿ ಅರಸಿ ಬಂದ ಕಪ್ಪು ಜನರು. ಅವರಿಗೆ ಮುಖಕವಚ ಕೊಡಲಿಲ್ಲ. ತನಿಖೆಗಾಗಿ ಒಳಗೆ ಬರುತ್ತಿದ್ದ ಅಧಿಕಾರಿಗಳು ಮಾತ್ರ ಮುಖಕವಚ ಧರಿಸುತ್ತಿದ್ದರೆಂದು 1936ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿಯಲಾಯಿತು. 1986ರಲ್ಲಿ ವೈದ್ಯ ಮಾರ್ಟಿನ್ ಚೆರ್ನಿಯಾಕ್ ಲೆಕ್ಕಹಾಕಿದಂತೆ ಈ ಒಂದು ಸುರಂಗದಿಂದ ಸತ್ತವರು 764 ಮಂದಿ. ಇದೇ ಯೂನಿಯನ್ ಕಾರ್ಬೈಡಿನ ಹೆಸರನ್ನು 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲದ ರಾತ್ರಿಯಲ್ಲಿ ಭಾರತವು ಕೇಳಬೇಕಾಯಿತು.

ಅಧಿಕಾರಿಗೆ ಕವಚ, ಕೂಲಿಯಾಳಿಗೆ ಬರಿಮುಖ ಎಂಬ ಸಂಗತಿಯು ಅಜ್ಞಾನದ ಕ್ಷಮೆಯನ್ನು ಇಲ್ಲವಾಗಿಸುತ್ತದೆ. ಅಪಾಯ ತಿಳಿದಿತ್ತು, ಉಪಾಯವೂ ತಿಳಿದಿತ್ತು. ಯಾರ ಉಸಿರಿಗೆ ಬೆಲೆ, ಯಾರದಕ್ಕಿಲ್ಲ ಎಂಬ ತೀರ್ಮಾನವಷ್ಟೇ ಅಲ್ಲಿ ನಡೆದದ್ದು.

ನಮ್ಮ ನಾಡಿನಲ್ಲಿ

ಕರ್ನಾಟಕದಲ್ಲಿ ಈ ರೋಗದ ಕಥೆ ಕೋಲಾರದ ಚಿನ್ನದ ಗಣಿಯೊಂದಿಗೆ ಬೆಸೆದುಕೊಂಡಿದೆ. 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಗಣಿಗಾರಿಕೆ ಬೆಳೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. ಮುಂದೆ ಗಣಿಯ ಆಳ ಮೂರು ಕಿಲೋಮೀಟರನ್ನೂ ಮೀರಿತು. ಚಿನ್ನದ ಎಳೆಯಿದ್ದುದು ಬೆಣಚುಕಲ್ಲಿನಲ್ಲಿ. ಚಿನ್ನಕ್ಕಾಗಿ ಒಡೆದ ಕಲ್ಲೆಲ್ಲ ಸಿಲಿಕಾದ ಧೂಳಾಯಿತು. ತಮಿಳುನಾಡಿನ ಉತ್ತರ ಆರ್ಕಾಟು ಮೊದಲಾದ ಕಡೆಗಳಿಂದ ಬಂದ ಬಡಕುಟುಂಬಗಳ, ಅದರಲ್ಲೂ ಹೆಚ್ಚಾಗಿ ದಲಿತರ, ದುಡಿಮೆಯಿಂದ ಆ ಗಣಿ ನಡೆಯಿತು. 1940ರ ದಶಕದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡಾ 43.7 ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತು. ಭಾರತದ ವೈದ್ಯಗ್ರಂಥಗಳು ಈ ರೋಗದ ಚರಿತ್ರೆಯನ್ನು ಕೋಲಾರದಿಂದಲೇ ಆರಂಭಿಸುತ್ತವೆ. 2001ರಲ್ಲಿ ಗಣಿ ಮುಚ್ಚಿತು. ಅಲ್ಲಿಂದ ತೆಗೆದ ಚಿನ್ನದ ಲೆಕ್ಕ ಪುಸ್ತಕಗಳಲ್ಲಿ ಉಳಿದಿದೆ. ಕೆಮ್ಮುತ್ತ ಊರಿಗೆ ಮರಳಿದವರ ಲೆಕ್ಕ ಪೂರ್ಣವಾಗಿ ಎಲ್ಲಿಯೂ ಉಳಿದಿಲ್ಲ.

ಮಧ್ಯಪ್ರದೇಶದ ಮಂದಸೌರಿನಲ್ಲಿ ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಬಳಪದ ಕಡ್ಡಿಗಳನ್ನು ಕೊಯ್ಯುವ ಕೆಲಸ ನಡೆಯುತ್ತಿತ್ತು. ವಿದ್ಯುತ್ ಗರಗಸ ಬಂದ ಮೇಲೆ ಅಲ್ಲಿನ ಕೊಠಡಿಗಳು ಧೂಳಿನಿಂದ ತುಂಬಿದವು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ನಡೆಸಿ, 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷೆಗೊಳಗಾದ 593 ಮಂದಿಯ ಪೈಕಿ ಅರ್ಧಕ್ಕೂ ಹೆಚ್ಚು ಮಂದಿಗೆ ರೋಗ ತಗಲಿತ್ತು. ಒಂದು ಮಗುವಿನ ಅಕ್ಷರಾಭ್ಯಾಸಕ್ಕೆ ಇನ್ನೊಂದು ಮಗುವಿನ ತಂದೆ ಉಸಿರನ್ನು ತೆತ್ತಂತಾಯಿತು. ಗುಜರಾತಿನ ಗೋಧ್ರಾ ಪ್ರದೇಶದ ಬೆಣಚುಕಲ್ಲಿನ ಪುಡಿ ಕಾರ್ಖಾನೆಗಳಲ್ಲಿ ದುಡಿದು ಸತ್ತ ಮಧ್ಯಪ್ರದೇಶದ 238 ಆದಿವಾಸಿ ಕೂಲಿಗಳ ಕುಟುಂಬಗಳಿಗೆ ತಲಾ ಮೂರು ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಗುಜರಾತ್ ಸರ್ಕಾರಕ್ಕೆ ಆದೇಶಿಸಿತು.

ಜೈನಸಮಾಜಕ್ಕೆ ಇನ್ನೂ ಹತ್ತಿರದ ಸ್ಥಳ ರಾಜಸ್ಥಾನದ ಸಿರೋಹಿ ಜಿಲ್ಲೆಯ ಪಿಂಡವಾಡಾ. ಆಬು ಪರ್ವತ ಇರುವುದೂ ಈ ಜಿಲ್ಲೆಯಲ್ಲೇ. ದೇಶವಿದೇಶಗಳ ಜೈನ ಹಾಗೂ ಹಿಂದೂ ದೇವಾಲಯಗಳಿಗೆ ಬೇಕಾದ ಕಂಬ, ತೋರಣ, ಮೇಲ್ಛಾವಣಿಗಳನ್ನು ಅಲ್ಲಿ ಕೆತ್ತಿ ಕಳುಹಿಸಲಾಗುತ್ತದೆ. ವಿದ್ಯುತ್ ಚಾಲಿತ ಉಜ್ಜುಚಕ್ರಗಳಿಂದ ಮರಳುಗಲ್ಲನ್ನು ಕೆತ್ತುವ ಅಲ್ಲಿನ ಕುಶಲಕರ್ಮಿಗಳಲ್ಲಿ ಸಿಲಿಕೋಸಿಸ್ ಹರಡಿರುವುದು ಬೆಳಕಿಗೆ ಬಂದಿದೆ. ರಾಜಸ್ಥಾನ ಸರ್ಕಾರವು 2019ರಲ್ಲಿ ಈ ಬಗೆಯ ಧೂಳುರೋಗಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿ ರೋಗಿಗಳಿಗೂ ಮೃತರ ಕುಟುಂಬಗಳಿಗೂ ಪರಿಹಾರ ಗೊತ್ತುಮಾಡಿತು.

ದೇಲವಾಡಾದ ವಿಷಯದಲ್ಲಿ ಒಂದು ಐತಿಹ್ಯ ಪ್ರಸಿದ್ಧವಾಗಿದೆ. ಶಿಲ್ಪಿಗಳು ಸೂಕ್ಷ್ಮವಾಗಿ ಕೆರೆದು ತೆಗೆದ ಅಮೃತಶಿಲೆಯ ಪುಡಿಯನ್ನು ತೂಗಿ, ಅಷ್ಟೇ ತೂಕದ ಬೆಳ್ಳಿ ಬಂಗಾರಗಳನ್ನು ದಾನಿಗಳು ಕೂಲಿಯಾಗಿ ಕೊಟ್ಟರೆಂದು ಜನ ಹೇಳುತ್ತಾರೆ. ಕುಶಲತೆಗೆ ಬೆಲೆ ಕಟ್ಟಿದ ಔದಾರ್ಯದ ಕಥೆಯಿದು. ಅಮೃತಶಿಲೆಯಲ್ಲಿ ಸಿಲಿಕಾ ಅಲ್ಪ. ಕೈಯುಳಿಯ ಧೂಳೂ ದಪ್ಪ. ಇಂದು ಮರಳುಗಲ್ಲಿಗೆ ಯಂತ್ರದ ಚಕ್ರ ಹಚ್ಚುವಾಗ ಸಂಗತಿ ಬೇರೆ. ಕೆಳಗೆ ಬಿದ್ದ ಪುಡಿಯನ್ನು ತೂಗಿ ಹಣ ಕೊಟ್ಟರೂ, ಶಿಲ್ಪಿಯ ಎದೆಯೊಳಗೆ ಇಳಿದ ಪುಡಿ ಯಾವ ತಕ್ಕಡಿಗೂ ಸಿಗುವುದಿಲ್ಲ.

ಕಾನೂನು ಹೇಳುವುದೇನು

ಭಾರತದಲ್ಲಿ 1923ರ ಕಾರ್ಮಿಕ ಪರಿಹಾರ ಕಾಯಿದೆಯು ಕೆಲಸದಿಂದಾದ ಗಾಯ, ರೋಗಗಳಿಗೆ ಒಡೆಯನು ಪರಿಹಾರ ತೆರಬೇಕೆಂಬ ತತ್ತ್ವವನ್ನು ನೆಲೆಗೊಳಿಸಿತು. 1948ರ ಕಾರ್ಖಾನೆಗಳ ಕಾಯಿದೆಯು ಸಿಲಿಕೋಸಿಸನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಭೋಪಾಲದ ದುರಂತದ ಬಳಿಕ 1987ರಲ್ಲಿ ಆ ಕಾಯಿದೆಗೆ ತಿದ್ದುಪಡಿಯಾಗಿ, ಕೆಲಸದ ಅಪಾಯಗಳನ್ನು ಕಾರ್ಮಿಕನಿಗೆ ತಿಳಿಸುವುದು ಒಡೆಯನ ಕರ್ತವ್ಯವೆಂದಾಯಿತು. 1995ರ ಜನವರಿಯಲ್ಲಿ ಕಲ್ನಾರಿನ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾರ್ಮಿಕನ ಆರೋಗ್ಯವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಪರಿಸ್ಥಿತಿ ಸಂಹಿತೆಯು ಸುರಕ್ಷತೆಗಾಗಿ ಒದಗಿಸಿದ ಯಾವುದಕ್ಕೂ ಕೆಲಸಗಾರನಿಂದ ಹಣ ವಸೂಲಿ ಮಾಡಕೂಡದೆಂದು ವಿಧಿಸುತ್ತದೆ. ಆದರೆ ನಾಲ್ಕಾರು ಆಳುಗಳ ಕಲ್ಲುಕೊಟ್ಟಿಗೆಗೆ ತನಿಖಾಧಿಕಾರಿ ಬರುವುದು ಅಪರೂಪ. ಕಾನೂನಿನ ಕೈ ತಲುಪದ ಕಡೆ ಧರ್ಮದ ಎಚ್ಚರವೇ ಕಾವಲು ಕಾಯಬೇಕು.

ಶಾಸ್ತ್ರದೃಷ್ಟಿ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಅಂದರೆ ಅಲಕ್ಷ್ಯವನ್ನು, ಮೂಲದಲ್ಲಿಟ್ಟಿದ್ದಾರೆ. ಕೊಲ್ಲುವ ಬಯಕೆ ಇರಲಿಲ್ಲವೆಂಬ ಮಾತ್ರಕ್ಕೆ ಅಲಕ್ಷ್ಯದಿಂದಾದ ಪ್ರಾಣಹಾನಿಯ ದೋಷ ತಪ್ಪುವುದಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು: ತನ್ನ ಅಧೀನದಲ್ಲಿರುವ ಜೀವಿಯ ಮೇಲೆ ಅದರ ಶಕ್ತಿಗೆ ಮೀರಿದ ಹೊರೆ ಹೊರಿಸುವುದು. ಎತ್ತಿನ ಬೆನ್ನಿಗೆ ಅನ್ವಯಿಸುವ ಈ ಮಾತು ಮನುಷ್ಯನ ಶ್ವಾಸಕೋಶಕ್ಕೆ ಅನ್ವಯಿಸದೆ ಇರಲಾರದು. ಶ್ವೇತಾಂಬರ ಆಗಮವಾದ ಉಪಾಸಕದಶಾಂಗವು ಶ್ರಾವಕನು ದೂರವಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ನೆಲವನ್ನು ಅಗೆದು ಒಡೆಯುವ ಕಸುಬನ್ನೂ ಸೇರಿಸಿದೆ. ಆ ಕಸುಬನ್ನು ತಾನು ಕೈಯಾರೆ ಮಾಡದೆ ಬೇರೆಯವರಿಂದ ಮಾಡಿಸಿದರೆ ದೋಷ ಮುಗಿಯಿತೆ? ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುವ ದರ್ಶನದಲ್ಲಿ ಗುತ್ತಿಗೆದಾರನ ಮರೆಯಲ್ಲಿ ನಿಲ್ಲಲು ಎಡೆಯಿಲ್ಲ.

ಇಲ್ಲಿ ಒಂದು ಆಕ್ಷೇಪ ಕೇಳಿಬರುವುದುಂಟು. ರೋಗವು ಆಯಾ ಜೀವದ ಕರ್ಮೋದಯದ ಫಲ. ಒಡೆಯನು ಅದಕ್ಕೆ ಏನು ಮಾಡಬಲ್ಲನು? ಈ ವಾದ ಕರ್ಮಸಿದ್ಧಾಂತದ ಅಪವ್ಯಾಖ್ಯೆ. ಪರರಿಗೆ ದುಃಖ, ಶೋಕ, ಸಂಕಟಗಳನ್ನು ಉಂಟುಮಾಡುವವನಿಗೆ ಅಸಾತಾವೇದನೀಯ ಕರ್ಮದ ಆಸ್ರವವಾಗುತ್ತದೆಂದು ಅದೇ ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಕೆಲಸಗಾರನ ಕರ್ಮ ಕೆಲಸಗಾರನದು. ಅವನ ದುಃಖಕ್ಕೆ ನಿಮಿತ್ತನಾದವನ ಪ್ರಮಾದ ಒಡೆಯನದು. ಒಬ್ಬನ ಉದಯವು ಇನ್ನೊಬ್ಬನ ಬಂಧವನ್ನು ಅಳಿಸುವುದಿಲ್ಲ.

ಜೈನ ಆಚಾರವೇ ರಕ್ಷಣೋಪಕರಣಗಳ ಮಹತ್ತ್ವವನ್ನು ಚೆನ್ನಾಗಿ ಬಲ್ಲುದು. ದಿಗಂಬರ ಮುನಿಗಳ ಪಿಂಛಿಗೆ ಸಂಯಮೋಪಕರಣವೆಂದೇ ಹೆಸರು. ಕೂರುವ ನೆಲದ ಇರುವೆಗೂ ನೋವಾಗಬಾರದೆಂದು ಅದನ್ನು ಹಿಡಿಯುತ್ತಾರೆ. ಸ್ಥಾನಕವಾಸಿ, ತೇರಾಪಂಥಿ ಸಾಧುಗಳು ಬಾಯಿಗೆ ಮುಖವಸ್ತ್ರಿಕೆ ಕಟ್ಟುತ್ತಾರೆ. ಶ್ರಾವಕರ ಮನೆಗಳಲ್ಲಿ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸುತ್ತಾರೆ. ನೀರಿನ ಸೂಕ್ಷ್ಮಜೀವಕ್ಕಾಗಿ ಬಟ್ಟೆ ಹಿಡಿಯುವ ಸಮಾಜವು ಪಂಚೇಂದ್ರಿಯ ಜೀವಿಯಾದ ಶಿಲ್ಪಿಯ ಉಸಿರಿಗೆ ಸೋಸುವ ಸಾಧನ ಕೊಡದಿದ್ದರೆ ಆಚಾರದ ಅರ್ಥವೇ ಕೆಡುತ್ತದೆ.

ಟ್ರಸ್ಟುಗಳು ಮಾಡಬಹುದಾದುದು

ಮುಖಕವಚ ಹಂಚಿ ಕೈತೊಳೆದುಕೊಳ್ಳುವುದು ಸಾಲದು. ಮೊದಲ ಉಪಾಯ ಧೂಳೇ ಏಳದಂತೆ ಮಾಡುವುದು: ಕೊಯ್ಯುವ, ಉಜ್ಜುವ ಕಡೆ ನೀರು ಹಾಯಿಸುವುದು. ನೀರು ಬಳಸಲಾಗದ ನವುರು ಕೆತ್ತನೆಯಲ್ಲಿ ಬ್ಯಾರೆಯಲ್ಲಿ ಮಾಡಿದಂತೆ ಉಪಕರಣದ ಬಾಯಲ್ಲೇ ಧೂಳು ಹೀರುವ ಕೊಳವೆ ಇಡುವುದು. ಮುಖಕವಚ ಇವುಗಳ ಬಳಿಕ ಬರುತ್ತದೆ. ಅದೂ ಸೂಕ್ಷ್ಮಕಣಗಳನ್ನು ತಡೆಯುವ, ಮುಖಕ್ಕೆ ಬಿಗಿಯಾಗಿ ಕೂರುವ ಬಗೆಯದಾಗಿರಬೇಕು. ಹೆಗಲ ಮೇಲಿನ ವಸ್ತ್ರವನ್ನು ಮೂಗಿಗೆ ಸುತ್ತಿಕೊಂಡರೆ ದಪ್ಪ ಧೂಳು ನಿಂತೀತು, ಕೊಲ್ಲುವ ಧೂಳು ನಿಲ್ಲದು. ಕೊಟ್ಟಿಗೆಯನ್ನು ಒಣಪೊರಕೆಯಿಂದ ಗುಡಿಸಬಾರದು. ಧೂಳಿನ ಬಟ್ಟೆ ಮನೆಗೆ ಹೋಗದಂತೆ ತೊಳೆಯುವ ಏರ್ಪಾಡು ಬೇಕು. ಕೆಲಸಕ್ಕೆ ಸೇರುವಾಗಲೂ ವರ್ಷಕ್ಕೊಮ್ಮೆಯೂ ಎದೆಯ ಎಕ್ಸ್‌ರೇ ತೆಗೆಸಿ ಅದರ ಪ್ರತಿಯನ್ನು ಕೆಲಸಗಾರನ ಕೈಗೇ ಕೊಡಬೇಕು.

ಕೆಲಸಗಾರರೇ ಕವಚ ಧರಿಸುವುದಿಲ್ಲ ಎಂಬ ದೂರಿನಲ್ಲಿ ಸ್ವಲ್ಪ ನಿಜವಿದೆ. ಸೆಕೆಯಲ್ಲಿ ಅದು ಉಸಿರುಗಟ್ಟಿಸುತ್ತದೆ. ಕೆತ್ತಿದ ಅಳತೆಗೆ ಕೂಲಿಯಾದರೆ ನಿಂತು ದಣಿವಾರಿಸಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ಆದುದರಿಂದ ವಿರಾಮದ ಹೊತ್ತಿಗೂ ಕೂಲಿ ಸಿಗಬೇಕು, ಕವಚ ಹಳತಾದಾಗ ಕೇಳದೆಯೇ ಹೊಸತು ಬರಬೇಕು, ಮೇಸ್ತ್ರಿಯೂ ಟ್ರಸ್ಟಿಯೂ ಕೊಟ್ಟಿಗೆಗೆ ಬಂದಾಗ ತಾವೂ ಧರಿಸಬೇಕು. ದೂರದ ಊರಲ್ಲಿ ಕೆತ್ತಿಸಿ ತರಿಸುವ ಟ್ರಸ್ಟುಗಳು ಗುತ್ತಿಗೆಯ ಪತ್ರದಲ್ಲೇ ಈ ಏರ್ಪಾಡುಗಳನ್ನು ಬರೆಸಿ, ಅದರ ವೆಚ್ಚವನ್ನು ಪ್ರತ್ಯೇಕವಾಗಿ ಕೊಟ್ಟು, ಒಮ್ಮೆಯಾದರೂ ಹೋಗಿ ನೋಡಬೇಕು. ಕಡಿಮೆ ದರದ ಗುತ್ತಿಗೆಯಲ್ಲಿ ಉಳಿದ ಹಣ ಯಾರ ಎದೆಯಿಂದ ಉಳಿಯಿತೆಂದು ವಿಚಾರಿಸುವುದೂ ಲೆಕ್ಕಪರಿಶೋಧನೆಯ ಭಾಗವೇ.

ವಿಂಧ್ಯಗಿರಿಯ ಗೊಮ್ಮಟನ ಪಾದದ ಬಳಿಯ ಶಾಸನಗಳು ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನನ್ನೂ ಸುತ್ತಾಲಯವನ್ನು ಮಾಡಿಸಿದ ಗಂಗರಾಜನನ್ನೂ ಹೆಸರಿಸುತ್ತವೆ. ಕಡೆದವನ ಹೆಸರು ಅಲ್ಲಿಲ್ಲ. ಸಾವಿರ ವರ್ಷಗಳ ಬಳಿಕ ಧರ್ಮಸ್ಥಳದ ರತ್ನಗಿರಿಯಲ್ಲಿ 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿಯ ವಿಷಯದಲ್ಲಿ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರ ಹೆಸರು ಜನರ ನಾಲಗೆಯ ಮೇಲಿದೆ. ಹೆಸರಿಗೆ ಸಲ್ಲಬೇಕಾದ ಗೌರವ ಹೀಗೆ ಸಂದಿತು. ಇನ್ನು ಮುಂದೆ ಪ್ರತಿಷ್ಠಾಪನೆಯ ಲೆಕ್ಕಪತ್ರ ಬರೆಯುವಾಗ ಕಲ್ಲಿನ ಕ್ರಯ, ಸಾಗಣೆ, ಪೂಜಾವಿಧಿಗಳ ಜತೆಗೆ ಶಿಲ್ಪಿಗಳ ರಕ್ಷಣೆಯ ವೆಚ್ಚಕ್ಕೂ ಒಂದು ಸಾಲು ಇರಲಿ. ಪಂಚಕಲ್ಯಾಣದ ದಿನ ಆ ಮೂರ್ತಿಯನ್ನು ಕಡೆದವರೂ ಆರೋಗ್ಯವಂತರಾಗಿ ಎದುರಿಗೆ ನಿಂತು ದರ್ಶನ ಪಡೆಯುವಂತಿರಲಿ.